ಗಾಳಿ ಹಿಡಿಯುವ ಅತ್ತೆ

ನಮ್ಮ ಅತ್ತೆ ಗಾಳಿ ಹಿಡಿಯುತ್ತಾಳೆ.

ಹೀಗೆ ಹೇಳಿದ ಕೂಡಲೇ ನಮ್ಮ ಸಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು ಒಮ್ಮೆ ಹಿಂದೆಮುಂದೆ ನೋಡಿ, ದನಿ ತಗ್ಗಿಸಿ, "ನಿಂಬೆಹಣ್ಣು ನಾವೇ ತರಬೇಕಾ?" ಎಂದು ಕೇಳುತ್ತಾರೆ. ಅವರ ತಪ್ಪೇನಿದೆ? ನಮ್ಮಲ್ಲಿ ಗಾಳಿ ಎಂದರೆ ಬೀಸುವಂಥದ್ದೂ ಹೌದು, ಮೈಮೇಲೆ ಬರುವಂಥದ್ದೂ ಹೌದು. ಅತ್ತೆ ಹಿಡಿಯುವುದು ಎರಡೂ ಅಲ್ಲದ ಮೂರನೆಯದನ್ನು. ಅಂದಹಾಗೆ, ಅತ್ತೆ ಎಂದರೆ ಅಪ್ಪನ ತಂಗಿ, ಹೆಂಡತಿಯ ತಾಯಿಯಲ್ಲ. ಹೆಂಡತಿಯ ತಾಯಿಯ ಬಗ್ಗೆ ಬರೆಯುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ!

ಅತ್ತೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನಿವೃತ್ತಿಯಾದವರು ತೀರ್ಥಯಾತ್ರೆ ಮಾಡುತ್ತಾರೆ, ಮೊಮ್ಮಕ್ಕಳಿಗೆ ಮಗ್ಗಿ ಹೇಳಿಸುತ್ತಾರೆ. ಇವಳು ಮಾಡಿದ್ದೇ ಬೇರೆ. ಬನವಾಸಿ ಕಡೆಯ ಗದ್ದೆಗಳಲ್ಲಿ ಸಂಶೋಧನೆ ಮಾಡಲು ದೂರದ ಊರಿನಿಂದ ಒಬ್ಬ ಹುಡುಗ ಬಂದಿದ್ದ. ಭತ್ತದ ಗದ್ದೆಯಲ್ಲಿ ನೀರು ನಿಂತರೆ ಕೆಸರಿನೊಳಗೆ ಮೀಥೇನ್ ಎಂಬ ಅನಿಲ ಹುಟ್ಟುತ್ತದಂತೆ. ಅದು ಪೈರಿನ ಟೊಳ್ಳು ಕಾಂಡದೊಳಗಿಂದ ಮೇಲೇರಿ, ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಬಿಸಿ ಹಿಡಿದಿಡುತ್ತದಂತೆ. ಒಂದು ಗದ್ದೆಯಲ್ಲಿ ಸದಾ ನೀರು ನಿಲ್ಲಿಸಿ, ಪಕ್ಕದ ಗದ್ದೆಯಲ್ಲಿ ಆಗಾಗ ನೀರು ಹೊರಬಿಟ್ಟು ಒಣಗಿಸಿ, ಯಾವುದರಿಂದ ಎಷ್ಟು ಅನಿಲ ಬರುತ್ತದೆಂದು ನೋಡಬೇಕಿತ್ತು. ನಾಟಿಯಿಂದ ಕೊಯ್ಲಿನವರೆಗೆ ಪ್ರತಿ ಸೋಮವಾರ ಮಾದರಿ ತೆಗೆಯಲು ಊರಿನವರೊಬ್ಬರು ಬೇಕಿತ್ತು. ಹುಡುಗ ಅತ್ತೆಯನ್ನು ಸಂದರ್ಶನ ಮಾಡಲು ಮನೆಗೆ ಬಂದ. ಅತ್ತೆಯೇ ಅವನನ್ನು ಒಂದೂವರೆ ತಾಸು ಸಂದರ್ಶನ ಮಾಡಿ, ಪಾಸು ಮಾಡಿ ಕಳಿಸಿದಳು.

ಅಲ್ಲಿಂದ ಅವಳ ಭಾಷೆಯೇ ಬದಲಾಯಿತು. "ಗದ್ದೆ ತೇಗ್ತು ಮಾಣಿ. ಆನು ಅದರ ತೇಗು ಅಳೀತೆ," ಎನ್ನತೊಡಗಿದಳು. ಸಿದ್ದಾಪುರದಲ್ಲಿ ನೆಂಟರ ಮನೆಯ ಉಪನಯನದ ಊಟದಲ್ಲಿ ಎರಡನೇ ಸಲ ಅನ್ನ ಬಡಿಸಲು ಬಂದವನನ್ನು ತಡೆದು, "ತಮಾ, ಈ ಅನ್ನದ ತೇಗು ಮೇಲೆ ಹೋಗಿ ಯಾವ ಕಾಲ ಆತು, ಗೊತ್ತಿದ್ದಾ?" ಎಂದು ಪಾಠ ಶುರು ಮಾಡಿದಳು. ಅವನು ಹೆದರಿ ಅನ್ನದ ಪಾತ್ರೆ ಸಮೇತ ಹಿಂದೆ ಸರಿದ. "ಹೋಪುದೆಲ್ಲಿಗೆ? ಬಡಿಸು. ಬೇಯ್ಸಿದ್ದು ಚೆಲ್ಲಿರೆ ತೇಗಿದ್ದೂ ದಂಡ!" ಎಂದು ಮೂರು ಸಲ ಹಾಕಿಸಿಕೊಂಡಳು. ಅದೇ ಹೊತ್ತಿಗೆ ಪಂಕ್ತಿಯ ಆ ತುದಿಯಲ್ಲಿ ಹಿರಿಯರೊಬ್ಬರು ತೃಪ್ತಿಯಿಂದ ಢರ್ರೆಂದು ತೇಗಿದರು. ಇಡೀ ಪಂಕ್ತಿ ತಿರುಗಿ ಅತ್ತೆಯನ್ನು ನೋಡಿತು. ಪಾಪ, ಆ ಹಿರಿಯರು ಮಜ್ಜಿಗೆಯನ್ನೂ ಬೇಡವೆಂದರು.

ಸುದ್ದಿ ಊರೂರು ಹಬ್ಬುವಾಗ ಮೀಥೇನ್ ಉದುರಿಹೋಗಿ ಗಾಳಿ ಮಾತ್ರ ಉಳಿಯಿತು. ಒಂದು ದಿನ ಉಮ್ಮಚಗಿಯಿಂದ ಯಾರೋ ಫೋನು ಮಾಡಿದರು.

"ನಿಂಗ ಗಾಳಿ ಹಿಡಿತ್ರಡ. ಅಮಾಸೆಗೆ ಬಪ್ಪುದಾ, ಹುಣ್ಣಿಮೆಗಾ?"

"ಸೋಮವಾರ. ಬೆಳಿಗ್ಗೆ ಹತ್ತು ಗಂಟೆಗೆ," ಎಂದಳು ಅತ್ತೆ. "ನೀರು ನಿಂತಿದ್ದಾ?"

"ನೀರಾ? ಎಂತ ನೀರು? ಬಂದಿದ್ದು ಸೊಸೆ ಮೇಲೆ!"

"ಹಂಗಾರೆ ಡಾಕ್ಟರ ಹತ್ರ ಕರ್ಕಂಡು ಹೋಗಿ. ಎನ್ನದು ಬರೀ ಗದ್ದೆ!"

ಇನ್ನು ಈ ಕತೆಯಲ್ಲಿ ನನ್ನ ಪಾಲೇನು? ಸಿರಸಿ ಪೇಟೆಯಲ್ಲಿ ನನ್ನದೊಂದು ಪುಸ್ತಕದಂಗಡಿ. ಸೋಮವಾರ ಅಂಗಡಿಗೆ ರಜೆ. ರಜೆಯಿರುವ ಮನುಷ್ಯನನ್ನು, ಅದರಲ್ಲೂ ಸ್ಕೂಟರ್ ಇರುವ ಮನುಷ್ಯನನ್ನು ಅತ್ತೆ ಬಿಡುತ್ತಾಳೆಯೇ? ಹಿಂದಿನ ಸೀಟಿನಲ್ಲಿ ಅವಳು, ಅವಳ ತೊಡೆಯ ಮೇಲೆ ಗಾಜಿನಂತೆ ಆಚೆ ಕಾಣುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ, ಅದರೊಳಗೆ ಅಂಥದೇ ಇನ್ನೊಂದು, ಕೊರಳಲ್ಲಿ ಸೂಜಿ, ಸಿರಿಂಜು, ಪುಟ್ಟ ಬಾಟಲಿಗಳ ಚೀಲ. ಬನವಾಸಿ ರಸ್ತೆಯ ಚಹಾದಂಗಡಿಯವನು ಪ್ರತಿ ವಾರವೂ ತಪ್ಪದೆ, "ಮೀನೆಲ್ರೀ?" ಎಂದು ಕೇಳುತ್ತಿದ್ದ.

ಗದ್ದೆಗೆ ಹೋಗಿ ಪೈರಿನ ಮೇಲೆ ಪೆಟ್ಟಿಗೆ ಕವುಚುವುದು. ಹತ್ತು ಹತ್ತು ನಿಮಿಷಕ್ಕೊಮ್ಮೆ ಪೆಟ್ಟಿಗೆಯ ತೂತಿನಿಂದ ಸಿರಿಂಜಿನಲ್ಲಿ ಗಾಳಿ ಎಳೆದು, ರಬ್ಬರ್ ಬಿರಡೆಯ ಬಾಟಲಿಗೆ ತುಂಬುವುದು. ಗದ್ದೆಗೆ ನಾಲ್ಕರಂತೆ ಎಂಟು ಬಾಟಲಿ. ಸಂಜೆ ಬಸ್ಸಿನಲ್ಲಿ ಆ ಹುಡುಗನ ಪ್ರಯೋಗಾಲಯಕ್ಕೆ ಪಾರ್ಸಲ್. ಅಷ್ಟೇ ಕೆಲಸ. ಆದರೆ ಅತ್ತೆ ಇದಕ್ಕೊಂದು ಕಾನೂನು ಸೇರಿಸಿದ್ದಳು. ಮನುಷ್ಯನ ಉಸಿರಿನಲ್ಲೂ ಅನಿಲವಿದೆಯಲ್ಲ, ಅದು ಸೇರಿ ಮಾದರಿ ಕೆಟ್ಟರೆ? ಹಾಗಾಗಿ ನಾನು ಪೆಟ್ಟಿಗೆಯ ಹತ್ತಿರ ಸುಳಿದರೆ ಸಾಕು, "ಉಸಿರು ಬಿಡಡ!" ಎಂದು ಕೂಗುತ್ತಿದ್ದಳು.

"ಉಸಿರು ಎಳಕಂಬ್ಲಾರೂ ಅಡ್ಡಿಲ್ಯಾ?"

"ಎಳಕ. ಬಿಡುದು ಮಾತ್ರ ಆಚೆ ಹೋಗಿ ಬಿಡು."

ಆಚೆ ಹೋಗಿ ಉಸಿರು ಬಿಡುವವನಿಗೆ ಆ ಬದುವಿನ ಮೇಲೆ ಒಂದೇ ಒಂದು ಸುಖವಿತ್ತು. ಅತ್ತಿಮರದ ಬುಡದಲ್ಲಿ ಪ್ರತಿ ಸೋಮವಾರ ಒಂದು ಚಪ್ಪಟೆ ಕಲ್ಲಿನ ಕೆಳಗೆ ಎರಡು ವೀಳ್ಯದೆಲೆ, ಎರಡು ಹೋಳು ಅಡಿಕೆ, ಚಿಟಿಕೆ ಸುಣ್ಣ ಇರುತ್ತಿತ್ತು. ಗದ್ದೆಯ ಗೌಡರ ಮನೆಯವರು ನನಗೆಂದೇ ಇಟ್ಟಿದ್ದಾರೆ ಎಂದುಕೊಂಡೆ. ಬಾಯಿಬಿಟ್ಟು ಹೇಳದೆ ಉಪಚಾರ ಮಾಡುವುದೆಂದರೆ ಎಂಥ ದೊಡ್ಡ ಗುಣ! ಅತ್ತೆ ಪೆಟ್ಟಿಗೆಯ ಮುಂದೆ ಗಡಿಯಾರ ಹಿಡಿದು ಕೂತಾಗ, ಬೆನ್ನು ತಿರುಗಿಸಿ ಎಲೆ ಮಡಿಚಿ ಕವಳ ಹಾಕುತ್ತಿದ್ದೆ. ಕದ್ದು ಹಾಕಲು ಕಾರಣವಿತ್ತು. ಕವಳವೆಂದರೆ ಅತ್ತೆಗೆ ಕೆಂಡದಂಥ ಸಿಟ್ಟು. ತೀರಿಹೋದ ಮಾವನ ಬಾಯಲ್ಲಿ ಸದಾ ಕವಳ. ಮೂವತ್ತು ವರ್ಷ ಅದಕ್ಕೇ ಇಬ್ಬರೂ ಜಗಳವಾಡಿದ್ದರು.

ಒಂದು ಸೋಮವಾರ ಮಾತ್ರ ನಾನು ಕವಳ ಹಾಕಲಿಲ್ಲ. ಎರಡು ದಿನದ ಹಿಂದೆ ದವಡೆ ಹಲ್ಲು ಕೀಳಿಸಿದ್ದೆ, ಕೆನ್ನೆ ಬಾತಿತ್ತು. ಎಲೆ ಅಡಿಕೆಯನ್ನು ಆಸೆಯಿಂದ ನೋಡಿ ಕಲ್ಲು ಮುಚ್ಚಿದೆ. ಎಂಟನೆಯ ಬಾಟಲಿ ತುಂಬಿ ಅತ್ತೆ ಚೀಲ ಕಟ್ಟುತ್ತಿದ್ದಳು. ಆಗ ಗೌಡರ ತಾಯಿ ಕೋಲೂರಿಕೊಂಡು ಬದುವಿನ ಮೇಲೆ ಬಂದರು. ಹಿಂದೆಯೇ ಗೌಡರು. ಅಜ್ಜಿ ನೇರ ಅತ್ತಿಮರದ ಬುಡಕ್ಕೆ ಹೋಗಿ, ಕಲ್ಲೆತ್ತಿ ನೋಡಿ, ಅಲ್ಲೇ ಕುಸಿದು ಕೂತರು.

"ಅಕ್ಕೋರ, ನಮ್ಮ ಯಜಮಾನ್ರನ್ನ ಬಾಟ್ಲಿಯಾಗ ತುಂಬೀರಿ?"

ಅತ್ತೆಗೆ ಅರ್ಥವಾಗಲಿಲ್ಲ. ಅಜ್ಜಿಯೇ ಬಿಡಿಸಿ ಹೇಳಿದರು. ಅವರ ಗಂಡ ಒಂದು ಸೋಮವಾರ ಇದೇ ಮರದ ಕೆಳಗೆ ಎಲೆ ಅಡಿಕೆ ಕೈಯಲ್ಲಿ ಹಿಡಿದುಕೊಂಡೇ ಒರಗಿದವರು. ಜೀವ ಗಾಳಿಯಾಗಿ ಇಲ್ಲೇ ಉಳಿಯಿತೆಂದು ಅಜ್ಜಿಯ ನಂಬಿಕೆ. ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಎಲೆ ಅಡಿಕೆ ಇಡುತ್ತಾರೆ, ಮಧ್ಯಾಹ್ನ ಬಂದು ನೋಡುತ್ತಾರೆ. "ಮೊದಲೆಲ್ಲಾ ಇಟ್ಟಿದ್ದು ಇಟ್ಟಂಗ ಇರ್ತಿತ್ರಿ. ನಾಟಿ ಆದ ಮ್ಯಾಲೆ ಪ್ರತಿ ವಾರ ತಿನ್ನಾಕ ಹತ್ತಿದ್ರು. ಎಷ್ಟು ಸಂತೋಷ ಆಗಿತ್ತು ಅಂತೀರಿ! ಇವತ್ತ ತಿಂದಿಲ್ಲ. ನೀವು ಗಾಳಿ ಹಿಡಿದು ಬಸ್ಸಿಗೆ ಹಾಕ್ತೀರಂತ ಊರಾಗ ಅಂತಾರ. ಅವರು ಸಿರಸಿ ದಾಟಿ ಆಚೆ ಹೋದವರಲ್ರಿ, ದಾರಿ ತಿಳಿಯೂದಿಲ್ಲ."

ನನ್ನ ಹಲ್ಲಿನ ಗುಳಿ ಚುಳ್ಳೆಂದಿತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅಷ್ಟು ವಾರ ಅಜ್ಜಿಯ ಗಂಡನ ಪಾಲು ತಿಂದ ಮಹಾನುಭಾವ ಊದಿದ ಕೆನ್ನೆ ಹಿಡಿದು ಅಲ್ಲೇ ನಿಂತಿದ್ದೇನಲ್ಲ!

ಗೌಡರು ಕೈ ಹಿಸುಕಿಕೊಂಡರು. "ಅಕ್ಕೋರ, ನನಗ ಇದೆಲ್ಲಾ ನಂಬಿಕಿ ಇಲ್ರಿ. ಆದ್ರ ಅವ್ವ ಹಿಂಗ ಕುಂತ್ರ ಮುಂದಿನ ವಾರದಿಂದ ನಿಮ್ಮ ಪೆಟಿಗಿ ಇಡಾಕ ಬಿಡೂದು ನನಗ ಕಷ್ಟ ಆಕ್ಕೇತಿ."

ಅತ್ತೆ ಅಂದಿನವರೆಗೆ ಒಂದು ವಾರವನ್ನೂ ತಪ್ಪಿಸಿರಲಿಲ್ಲ. ಚಳಿಜ್ವರದಲ್ಲಿ ನಡುಗುತ್ತಾ ಬಂದಿದ್ದಳು, ನನ್ನ ತಂಗಿಯ ಮಗಳ ಹೆಸರಿಡುವ ಶಾಸ್ತ್ರ ಬಿಟ್ಟು ಬಂದಿದ್ದಳು. ನಡುವೆ ಒಂದು ವಾರ ಹೋದರೆ ಇಡೀ ಬೆಳೆಯ ಲೆಕ್ಕ ಹಲ್ಲುದುರಿದ ಬಾಯಿಯಂತೆ ಎಂದು ನನಗೇ ಎಷ್ಟು ಸಲ ಹೇಳಿದ್ದಳು. ಇನ್ನು ದೆವ್ವ, ಗಾಳಿ ಎಂದ ಮಕ್ಕಳನ್ನು ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು. ಈಗ ಶುರುವಾಗುತ್ತದೆ ಪಾಠ ಎಂದು ನಾನು ಕಣ್ಣು ಮುಚ್ಚಿದೆ.

ಪಾಠ ಬರಲಿಲ್ಲ. ಅತ್ತೆ ಅಜ್ಜಿಯ ಪಕ್ಕ ಕೆಸರಿನಲ್ಲೇ ಕೂತು, ಕಟ್ಟಿದ್ದ ಚೀಲ ಬಿಚ್ಚಿದಳು.

"ಯಾವ ಬಾಟಲಿಯಲ್ಲಿ ಇದ್ದಾರೋ ನನಗೆ ಹೇಳಲಿಕ್ಕೆ ಬರೂದಿಲ್ಲ ಅಮ್ಮಾ. ಎಲ್ಲಾ ಬಿಡೋಣ."

ಒಂದೊಂದೇ ಬಿರಡೆ ಕಿತ್ತು, ಬಾಟಲಿಯನ್ನು ಮರದ ಕಡೆ ಬಾಗಿಸಿ ಹಿಡಿದಳು. ಅಜ್ಜಿ ಪ್ರತಿಯೊಂದನ್ನೂ ಬಗ್ಗಿ ನೋಡಿ, "ಇದ್ರಾಗಿಲ್ಲ... ಇದ್ರಾಗೂ ಇಲ್ಲ..." ಎನ್ನುತ್ತಿದ್ದರು. ಏಳು ಮುಗಿದಾಗ ಅವರ ಮುಖದಲ್ಲಿ ಸಣ್ಣ ನಗು ಬಂತು. "ಕಡೀದ್ರಾಗ ಇರ್ತಾರ್ರಿ. ಎಲ್ಲಾದಕ್ಕೂ ತಡಾ ಮಾಡೋ ಮನಷ್ಯಾ." ಎಂಟನೆಯದು ತೆರೆಯುವಾಗ ಅತ್ತೆ ಹೇಳದೆಯೇ ನಾನು ಉಸಿರು ಹಿಡಿದಿದ್ದೆ. ಎಲ್ಲಿಂದಲೋ ಒಂದು ತಂಗಾಳಿ ಪೈರಿನ ಮೇಲೆ ಹಾದು ಹೋಯಿತು.

"ಬಂದ್ರಾ?" ಅತ್ತೆ ಮೆಲ್ಲಗೆ ಕೇಳಿದಳು.

"ಬಂದ್ರು," ಎಂದರು ಅಜ್ಜಿ.

ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ನಾನು ತಪ್ಪೊಪ್ಪಿಕೊಂಡೆ. ಬೈಗುಳಕ್ಕೆ ಬೆನ್ನು ಒಡ್ಡಿ ಕಾದೆ. ಅತ್ತೆ ಚೀಲದ ಗಂಟು ಬಿಗಿಮಾಡುತ್ತಾ, "ಬಪ್ಪ ವಾರನೂ ಎಲೆ ಅಡಿಕೆನ ಅಲ್ಲೇ ಬಿಟ್ಟಿಕ್ಕಿ ಬಂದ್ರೆ ನೋಡು," ಎಂದಳು. ವಾರದ ನಡುವೆ ಸಂಶೋಧನೆಯ ಹುಡುಗ ಫೋನು ಮಾಡಿದ. ಮಾದರಿಯ ಲೆಕ್ಕದ ಪುಸ್ತಕದಲ್ಲಿ ಆ ತಾರೀಖಿನ ಮುಂದೆ ಅತ್ತೆ, 'ಮಾದರಿ ಇಲ್ಲ. ಮನೆಯವರು ವಾಪಸ್ ಕರೆದುಕೊಂಡರು' ಎಂದು ಬರೆದು ಫೋಟೋ ಕಳಿಸಿದ್ದಳಂತೆ.

"ಮೇಡಂ, ಇದರ ಅರ್ಥ ಏನು?"

"ಬರೆದಷ್ಟೇ ಅರ್ಥ," ಎಂದು ಫೋನಿಟ್ಟಳು.

ಮುಂದಿನ ಸೋಮವಾರ ಕಲ್ಲಿನ ಕೆಳಗೆ ಎಲೆ ಅಡಿಕೆ ಇತ್ತು. ದೂರದಲ್ಲಿ ಹಿತ್ತಿಲ ಬೇಲಿಯ ಹತ್ತಿರ ಅಜ್ಜಿ ನಿಂತಿದ್ದರು. ನಾನು ಕೈ ಚಾಚಿದೆ. ಅತ್ತೆ ನನ್ನ ಕೈ ಸರಿಸಿದಳು. "ನಿನ್ನ ವಸಡು ಇನ್ನೂ ಮಾಯಿದ್ದಿಲ್ಲೆ." ಬೇಲಿಯ ಕಡೆ ಬೆನ್ನು ಮಾಡಿ ಕೂತಳು. ಎಲೆಯ ತೊಟ್ಟು ಮುರಿದಳು, ನಾರು ತೆಗೆದಳು, ಬೆರಳ ತುದಿಯಲ್ಲಿ ಸುಣ್ಣ ಸವರಿ, ಅಡಿಕೆಯಿಟ್ಟು ಚಕಚಕನೆ ಮಡಿಚಿದಳು. ಎಷ್ಟು ಪಳಗಿದ ಕೈ! ಆಗ ನನಗೆ ನೆನಪಾಯಿತು. ಮೂವತ್ತು ವರ್ಷವೂ ಬೈಯುತ್ತಾ ಬೈಯುತ್ತಾ ಮಾವನಿಗೆ ದಿನಾ ಕವಳ ಕಟ್ಟಿಕೊಟ್ಟಿದ್ದು ಇದೇ ಕೈ. ಮಾವ ಹೋದಾಗ ಒಂದು ಹನಿ ಕಣ್ಣೀರನ್ನೂ ಹಾಕದೆ, ಕಾರ್ಯ ಮುಗಿದ ಮರುದಿನವೇ ಸೀಮೆಸುಣ್ಣ ಹಿಡಿದು ಶಾಲೆಗೆ ಹೋದವಳು ಈಗ ಕವಳ ಬಾಯಿಗಿಟ್ಟು ಮೆಲ್ಲಗೆ ಅಗಿದಳು. ಕಣ್ಣು ತುಂಬಿ ಹರಿಯಿತು.

"ಸುಣ್ಣ ಹೆಚ್ಚಾತು," ಎಂದಳು.

ನಾನು ಹೌದೆಂದೆ. ಅವಳು ಹೆಬ್ಬೆರಳಿನಿಂದ ತುಟಿ ಒರೆಸಿಕೊಂಡು, ಗಡಿಯಾರ ನೋಡಿ ಎದ್ದು, ಹತ್ತು ನಿಮಿಷದ ಗಾಳಿ ಎಳೆದು, ಪುಸ್ತಕದಲ್ಲಿ ಬರೆದಳು. ಆ ವಾರದ ಸಾಲಿನಲ್ಲಿ ಎಂಟೂ ಬಾಟಲಿಗಳ ಲೆಕ್ಕ ಸರಿಯಾಗಿದೆ. ಪುಟದ ಮೂಲೆಯಲ್ಲಿ ಮಾತ್ರ ಅವಳ ಹೆಬ್ಬೆರಳಿನ ಕೆಂಪು ಗುರುತೊಂದಿದೆ.