ನನ್ನನ್ನು ಏಣಿಯಿಂದ ಇಳಿಸಿದ್ದು

ಬೇರೆಯವರಿಗೆ ಧೈರ್ಯ ಹೇಳುವುದರಷ್ಟು ಸುಖದ ಕೆಲಸ ಇನ್ನೊಂದಿಲ್ಲ. ನಾನಂತೂ ಇಪ್ಪತ್ತು ವರ್ಷದಿಂದ ಅದಕ್ಕೇ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಹಾಸನ ಜಿಲ್ಲೆಯ ಒಂದು ಅಗ್ನಿಶಾಮಕ ಠಾಣೆಯಲ್ಲಿ ಹೊಸಬರಿಗೆ ಏಣಿ ಪಾಠ ಹೇಳುವವನು ನಾನು. ಏಣಿಗೂ ಪಾಠವೇ ಎಂದು ನೀವು ನಗಬಹುದು. ನನ್ನ ಹೆಂಡತಿ ಸುಜಾತಾ, ಮೊಸಳೆ ಎಂಬ ಊರಿನವಳು, ಮದುವೆಯಾದ ಹೊಸದರಲ್ಲಿ ನಕ್ಕೇ ಬಿಟ್ಟಿದ್ದಳು. "ಗೋಡೆಗೆ ಒರಗಿಸೋದು, ಹತ್ತೋದು. ಅದಕ್ಕೊಬ್ಬ ಮೇಷ್ಟ್ರು ಬೇರೆ!" ಅವಳನ್ನು ಕೂರಿಸಿಕೊಂಡು ವಿವರಿಸಿದೆ. ಏಣಿ ನಾಲ್ಕಾಳು ಎತ್ತರಕ್ಕೆ ಹೋದರೆ ಬುಡ ಗೋಡೆಯಿಂದ ಒಂದಾಳು ದೂರ ಇರಬೇಕು; ತೀರಾ ಹತ್ತಿರವಾದರೆ ಹತ್ತಿದವನು ಏಣಿಸಮೇತ ಹಿಂದಕ್ಕೆ ಬೀಳುತ್ತಾನೆ, ತೀರಾ ದೂರವಾದರೆ ಏಣಿ ಜಾರುತ್ತದೆ, ಬುಡದಲ್ಲಿ ಒಬ್ಬ ತುಳಿದು ನಿಂತಿರಲೇಬೇಕು. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಅಟ್ಟದ ಮೇಲಿನ ದೊಡ್ಡ ತಪ್ಪಲೆ ಇಳಿಸಿಕೊಡಿ ಅಂದಳು. ನಾನು ಕುರ್ಚಿ ಹತ್ತಿದೆ, ಕುರ್ಚಿಯ ಕಾಲು ಮುರಿಯಿತು. ಆ ಮಾತು ಈಗ ಬೇಡ.

ಈ ಸಲ ಬಂದ ನಾಲ್ವರು ಹೊಸಬರಲ್ಲಿ ಒಬ್ಬ ನುಗ್ಗೇಹಳ್ಳಿಯ ಯೋಗೇಶ. ಕೆಲಸಕ್ಕೆ ಸೇರುವ ಮೊದಲು ತೆಂಗಿನಕಾಯಿ ಕೀಳುತ್ತಿದ್ದವನು. ಅವನ ಕಣ್ಣಿಗೆ ಏಣಿ ಅಂದರೆ ಕೈಲಾಗದವರ ಸಾಮಾನು. ನಾನು "ಎರಡೂ ಕೈ ಮೆಟ್ಟಿಲ ಮೇಲೆ!" ಎಂದು ಕೂಗುವಷ್ಟರಲ್ಲಿ ಪಕ್ಕದ ಕಂಬಿ ತಬ್ಬಿಕೊಂಡು ತುದಿ ಮುಟ್ಟಿರುತ್ತಿದ್ದ. "ಮರದಾಗೆ ಮೆಟ್ಲು ಎಲ್ಲಿರ್ತದೆ ಸಾ? ಅಂಗೇ ಅತ್ತುತಿರ್ಲಿಲ್ವಾ?" ಎಂದು ಮೇಲಿನಿಂದಲೇ ಕೇಳುತ್ತಿದ್ದ. "ಮರ ಜಾರಲ್ಲ ಕಣಯ್ಯ, ಏಣಿ ಜಾರ್ತದೆ" ಎಂದು ಬೈದು, ಮತ್ತೆ ಇಳಿಸಿ, ಮತ್ತೆ ಹತ್ತಿಸುತ್ತಿದ್ದೆ.

ಮೇಲೆ ಸಿಕ್ಕಿಕೊಂಡವರನ್ನು ಇಳಿಸುವ ಪಾಠಕ್ಕೆ ಮರಳು ತುಂಬಿದ ಗೊಂಬೆಯೊಂದಿತ್ತು. ಒಂದು ದಿನ ಅರ್ಧ ದಾರಿಯಲ್ಲಿ ಅದರ ಹೊಟ್ಟೆಯ ಹೊಲಿಗೆ ಬಿಚ್ಚಿ ಮರಳೆಲ್ಲ ಯೋಗೇಶನ ತಲೆ ಮೇಲೆ ಸುರಿಯಿತು. "ಇನ್ನು ಯಾರಾದ್ರೂ ಮನುಷ್ಯರೇ ಆಗ್ಬೇಕು" ಅಂದರು ನಮ್ಮ ಠಾಣಾಧಿಕಾರಿ. ಎಲ್ಲರೂ ನನ್ನತ್ತ ನೋಡಿದರು. ನಾನೂ ಗತ್ತಿನಿಂದಲೇ ಒಪ್ಪಿಕೊಂಡು, ಸೊಂಟಕ್ಕೆ ಹಗ್ಗ ಬಿಗಿಸಿಕೊಂಡು, ತರಬೇತಿ ಕಟ್ಟಡದ ಒಳಮೆಟ್ಟಿಲು ಹತ್ತಿ ಎರಡನೇ ಮಹಡಿಯ ಕಿಟಕಿಗೆ ಹೋದೆ.

ಸಾವಿರ ಸಲ ಏಣಿ ಹತ್ತಿ ಇಳಿದವನು ನಾನು. ಆದರೆ ಆಗೆಲ್ಲ ನನ್ನ ಮೈ ನನ್ನ ಕೈಯಲ್ಲಿರುತ್ತಿತ್ತು. ಈಗ ಬೆನ್ನು ತಿರುಗಿಸಿ, ಕಾಣದ ಮೆಟ್ಟಿಲಿಗೆ ಕಾಲು ಚಾಚಿ, ಕೆಳಮೆಟ್ಟಿಲಲ್ಲಿ ನಿಂತ, ನಾನೇ ದಿನವೂ ಬೈಯುವ ಯೋಗೇಶನ ತೋಳಿನೊಳಗೆ ಇಳಿಯಬೇಕು. ನಾಲ್ಕು ಮೆಟ್ಟಿಲು ಇಳಿದು ನಿಂತವನು ಅಲ್ಲಿಂದ ಅಲ್ಲಾಡಲಿಲ್ಲ. ಬಾಯಿ ಮಾತ್ರ ನಿಲ್ಲಲಿಲ್ಲ. "ಬುಡ ತುಳ್ಕೊಂಡಿರೋದು ಯಾರು? ದೂರ ಅಳತೆ ಮಾಡಿದ್ರಾ?"

"ಸಾ, ನೀವು ಹೊಗೆ ಕುಡ್ದು ಸುಸ್ತಾಗಿರೋ ಲೆಕ್ಕ. ಪಾಠ ಮಾಡ್ಬ್ಯಾಡಿ" ಅಂದ ಯೋಗೇಶ. ಆಮೇಲೆ ನಾನು ನಿಜವಾಗಿಯೂ ಹೆದರಿದ್ದೇನೆಂದು ಅವನಿಗೆ ಗೊತ್ತಾಗಿರಬೇಕು. ದನಿ ತಗ್ಗಿಸಿ, ಕೆಳಗಿನವರಿಗೆ ಕೇಳದಂತೆ ಕೇಳಿದ, "ಮನೇಲಿ ಇವತ್ತು ಏನ್ ಸಾರು ಸಾ?"

"ಅವರೆಕಾಳು."

"ಅಕ್ಕ ಕಾಯಿ ರುಬ್ಬಿ ಆಕ್ತಾರಾ, ಅಂಗೇನಾ?" ಒಂದು ಮೆಟ್ಟಿಲು. "ಮುದ್ದೆನಾ, ಅನ್ನನಾ?" ಇನ್ನೊಂದು. ಊಟ ಮಜ್ಜಿಗೆಗೆ ಬರುವಷ್ಟರಲ್ಲಿ ನನ್ನ ಬೂಟು ನೆಲಕ್ಕೆ ತಾಗಿತು. ಎಲ್ಲರೂ ಚಪ್ಪಾಳೆ ಹೊಡೆದರು. ಇಷ್ಟು ವರ್ಷ ಕೈ ಎಲ್ಲಿಡಬೇಕು, ಕಾಲು ಎಲ್ಲಿಡಬೇಕು ಎಂದು ಕಲಿಸಿದ್ದೆನೇ ಹೊರತು, ಹೆದರಿದವರ ಹತ್ತಿರ ಏನು ಮಾತಾಡಬೇಕೆಂದು ಕಲಿಸಿರಲಿಲ್ಲ. ಅದು ನನಗೇ ಗೊತ್ತಿರಲಿಲ್ಲ.

ಹದಿನೈದು ದಿನಕ್ಕೆ ಅರಕಲಗೂಡಿನ ಪೇಟೆಯಲ್ಲಿ ಒಂದು ಹಾಸಿಗೆ ಅಂಗಡಿಗೆ ಬೆಂಕಿ ಬಿತ್ತು. ಹೊಗೆ ಮೆಟ್ಟಿಲ ದಾರಿಯನ್ನೆಲ್ಲ ತುಂಬಿತ್ತು. ಮೇಲಿನ ಮನೆಯ ಬಾಲ್ಕನಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕೆಮ್ಮುತ್ತ ನಿಂತಿದ್ದರು. ಯೋಗೇಶ ಬುಡ ತುಳಿದು ನಿಂತ, ನಾನು ಹತ್ತಿದೆ. ಆಕೆ ಹೇಗೋ ಏಣಿಗೆ ಕಾಲಿಟ್ಟರು, ಎರಡೇ ಮೆಟ್ಟಿಲು ಇಳಿದು ಕಂಬಿ ತಬ್ಬಿಕೊಂಡು ನಿಂತುಬಿಟ್ಟರು. ಹಿಂದೆ ಹೊಗೆ ದಟ್ಟವಾಗುತ್ತಿತ್ತು. ನನಗೆ ಬೇರೆ ಮಾತು ಹೊಳೆಯಲಿಲ್ಲ. "ಅಮ್ಮಾ, ಇವತ್ತು ಏನ್ ಸಾರು?"

ಆಕೆ ಕೆರಳಿಬಿಟ್ಟರು. "ಮನೆಗೆ ಬೆಂಕಿ ಬಿದ್ದೈತೆ, ನಿಂಗೆ ಸಾರಿನ ಯೋಚ್ನೆನಾ? ಸರ್ಕಾರದೋರು ನಿನ್ನ ಉಣ್ಣಾಕೆ ಕಳ್ಸವ್ರಾ? ನಿಮ್ಮವ್ವ ಇಂಗೇ ಕಲ್ಸಿದ್ಲಾ?" ನನ್ನನ್ನೂ, ನನ್ನ ಇಲಾಖೆಯನ್ನೂ, ನನ್ನ ವಂಶವನ್ನೂ ಬೈಯುತ್ತ ಬೈಯುತ್ತ ಆಕೆ ನೆಲಕ್ಕೆ ಬಂದು ನಿಂತಿದ್ದರು. ಎದುರಂಗಡಿಯ ಬೆಂಚಿನ ಮೇಲೆ ಕೂತು ನೀರು ಕುಡಿದ ಮೇಲೆ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು, "ಬಸ್ಸಾರು ಕಣಪ್ಪ." ಅಷ್ಟು ಹೇಳಿ ಅತ್ತುಬಿಟ್ಟರು. ನನ್ನ ಕಣ್ಣಿಗೂ ಹೊಗೆ ಹೋಗಿತ್ತು ಎಂದಿಟ್ಟುಕೊಳ್ಳಿ.

ಎರಡೂ ಸಾರಿನ ಸುದ್ದಿ ಹೇಗೋ ಜಿಲ್ಲೆಯೆಲ್ಲ ಹಬ್ಬಿತು. ಹೋದ ವಾರ ಚನ್ನರಾಯಪಟ್ಟಣದ ಠಾಣೆಯಿಂದ ಫೋನು. "ನಮ್ಮ ಹೊಸಬರಿಗೂ ಏಣಿ ತರಬೇತಿ ಐತೆ ಸಾ, ನೀವೇ ಬರ್ಬೇಕು." ಇಪ್ಪತ್ತು ವರ್ಷದ ಅನುಭವಕ್ಕೆ ಕೊನೆಗೂ ಬೆಲೆ ಬಂತೆಂದು ಹಿಗ್ಗಿ, "ಪಾಠ ಎಷ್ಟು ಗಂಟೆಗೆ ಶುರು ಮಾಡ್ಲಿ?" ಎಂದೆ.

"ಪಾಠ ನಮ್ಮೋರೇ ಮಾಡ್ತಾರೆ ಸಾ. ನೀವು ಮ್ಯಾಲೆ ಓಗಿ ಎದರ್ಕೊಂಡ್ರೆ ಸಾಕು. ನಿಮ್ಮಷ್ಟು ಚೆನ್ನಾಗಿ ಇಲ್ಲಿ ಯಾರ್ಗೂ ಬರಾಕಿಲ್ಲ."

ಹೋಗಿದ್ದೆ. ಚೆನ್ನಾಗಿಯೇ ಹೆದರಿದೆನಂತೆ. ಮುಂದಿನ ತಿಂಗಳು ಹೊಳೆನರಸೀಪುರದವರೂ ಕರೆದಿದ್ದಾರೆ.