ಬೆಳ್ಳಿ ಬಣ್ಣದ ಏರಿಯಲ್ಲೂ ಒದ್ದೆ ಸೀರೆಯೂ

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲ್ವೆಯ ತಂತಿ ಇನ್ಸ್‌ಪೆಕ್ಟರಾಗಿದ್ದು 1993ನೆಯ ಇಸವಿ ಜುಲೈ 31ರ ಶನಿವಾರ ನಿವೃತ್ತರಾದ ಷಡಕ್ಷರಪ್ಪನವರು, 1998ರ ಫೆಬ್ರವರಿ 8ರ ಭಾನುವಾರ ತಮ್ಮ ಮನೆಯ ಮಹಡಿಯ ಮೇಲೆ ನಿಂತು, ಎಡಗೈಯಲ್ಲಿ ಒಂದು ಕಬ್ಬಿಣದ ಕಂಬವನ್ನು ಹಿಡಿದು, ಬಲಗೈಯನ್ನು ಆಕಾಶಕ್ಕೆತ್ತಿ ಘೋಷಿಸಿದರು: "ಈ ಕಂಬ ಇಲ್ಲಿಂದ ಕದಲುವುದಿಲ್ಲ. ಕದಲಿಸಬೇಕೆನ್ನುವವರು ಮೊದಲು ನನ್ನನ್ನು ಕದಲಿಸಲಿ."

ಭೀಷ್ಮನ ಪ್ರತಿಜ್ಞೆಗೆ ಆಕಾಶದಿಂದ ಹೂಮಳೆ ಸುರಿಯಿತಂತೆ. ಇಲ್ಲಿ ಸುರಿದದ್ದು ಬರೀ ನೀರು. ಅವರ ಧರ್ಮಪತ್ನಿ ಶಾಂತಾದೇವಿಯವರು ಅದೇ ಮುಹೂರ್ತದಲ್ಲಿ ಪಕ್ಕದ ಹಗ್ಗಕ್ಕೆ ಹರವಲೆಂದು ಒಂದು ಒದ್ದೆ ಸೀರೆಯನ್ನು ಕೊಡವಿದ್ದರು.

"ಕಂಬ ಎಲ್ಲಿಗೂ ಹೋಗೋದು ಬೇಡ. ನೀವು ಸ್ವಲ್ಪ ಆ ಕಡೆ ಹೋಗಿ, ಸೆರಗು ಹರಡಬೇಕು," ಎಂದರು ಅವರು.

ಆ ಕಂಬದ ತುದಿಯಲ್ಲಿದ್ದದ್ದು ಪ್ಯಾಕೆಟ್ ರೇಡಿಯೋದ ಏರಿಯಲ್. ಪ್ಯಾಕೆಟ್ ರೇಡಿಯೋ ಎಂದರೆ ಇಷ್ಟೆ: ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದ ಸಂದೇಶವನ್ನು ಒಂದು ಪೆಟ್ಟಿಗೆಯು ಜೀರುಂಡೆಯ ಸದ್ದಾಗಿ ಮಾರ್ಪಡಿಸುತ್ತದೆ, ನಿಸ್ತಂತು ಯಂತ್ರ ಆ ಸದ್ದನ್ನು ಗಾಳಿಗೆ ಬಿಡುತ್ತದೆ, ಮುಂದಿನ ಊರಿನ ಪೆಟ್ಟಿಗೆ ಅದನ್ನು ಹಿಡಿದು ಅದರಾಚೆಯ ಊರಿಗೆ ದಾಟಿಸುತ್ತದೆ. ಸರ್ಕಾರದ ಲೈಸೆನ್ಸು ಪಡೆದ ಹವ್ಯಾಸಿಗಳು ಸಂಬಳವಿಲ್ಲದೆ, ತಮ್ಮ ತಮ್ಮ ತಾರಸಿಗಳ ಮೇಲೆ, ಹೆಂಡಿರ ಬೈಗುಳದ ಕೆಳಗೆ ನಡೆಸುವ ಅಂಚೆಯಿದು. ಅರಸೀಕೆರೆಯಲ್ಲಿ ಷಡಕ್ಷರಪ್ಪನವರು, ಹಳೇಬೀಡಿನಲ್ಲಿ ಕಾಲೇಜಿನ ಪ್ರಯೋಗಾಲಯವನ್ನು ನೋಡಿಕೊಳ್ಳುವ ತಿಮ್ಮೇಶ್, ಬೇಲೂರಿನಲ್ಲಿ ಟಿ.ವಿ. ರಿಪೇರಿ ಅಂಗಡಿಯ ಉಗ್ರಪ್ಪ, ಈ ಮೂವರು 1996ರ ಅಕ್ಟೋಬರ್ 2ರಿಂದ ಸರಪಳಿಯನ್ನು ಕಾಯ್ದುಕೊಂಡು ಬಂದಿದ್ದರು. ಮಳೆಗಾಲದಲ್ಲಿ ಬಿಕ್ಕೋಡಿನ ಕಡೆಯ ಟೆಲಿಫೋನುಗಳೆಲ್ಲ ಸತ್ತಾಗ ಎಸ್ಟೇಟಿನವರ ಸುದ್ದಿ ಎಷ್ಟೋ ಸಲ ಈ ಜೀರುಂಡೆಯ ಬಾಯಿಂದಲೇ ಅರಸೀಕೆರೆಗೆ ತಲುಪಿತ್ತು.

ಯಾರೂ ಏನೂ ಕಳುಹಿಸದಿದ್ದರೂ ಈ ಪೆಟ್ಟಿಗೆ ಸುಮ್ಮನಿರುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ, ಒಡೆಯರು ಬರೆದಿಟ್ಟ ಒಂದು ಸಾಲನ್ನು ತಾನಾಗಿಯೇ ಊರೂರಿಗೆ ಸಾರುತ್ತದೆ. ಅದಕ್ಕೆ ಬೀಕನ್ ಎಂದು ಹೆಸರು. ಕೇಳುವವರಿದ್ದಾರೋ ಇಲ್ಲವೋ ಎಂದು ಅದು ನೋಡುವುದಿಲ್ಲ. ಉತ್ತರಕ್ಕೆ ಕಾಯುವುದೂ ಇಲ್ಲ. ಷಡಕ್ಷರಪ್ಪನವರ ಬೀಕನ್, "ಅರಸೀಕೆರೆ ಜಂಕ್ಷನ್. ಷಡಕ್ಷರಪ್ಪ. ಸದಾ ಸೇವೆಯಲ್ಲಿ," ಎಂದು ಸಾರುತ್ತಿತ್ತು.

ಇಂಥ ಕಂಬಕ್ಕೆ ಕುತ್ತು ಬಂದದ್ದು ಬೆಂಗಳೂರಿನ ಕಡೆಯಿಂದ. ಅಲ್ಲಿನ ಹವ್ಯಾಸಿಗಳು ತಮ್ಮ ಸರಪಳಿಯನ್ನು ತುಮಕೂರು, ತಿಪಟೂರುಗಳ ಮೇಲೆ ತಂದು ಬೇಲೂರಿಗೆ ಜೋಡಿಸಬೇಕೆಂದಿದ್ದರು. ನಡುವೆ ಅರಸೀಕೆರೆ ತಾಲ್ಲೂಕಿನಲ್ಲಿ ಭರವಸೆಯ ಕೇಂದ್ರವೊಂದು ಬೇಕು. ಮಾರ್ಚ್ 15ರಂದು ಅವರ ಕಡೆಯ ಇಬ್ಬರು ಖುದ್ದಾಗಿ ಬಂದು ಪರಿಶೀಲಿಸುವುದೆಂದು ತೀರ್ಮಾನವಾಗಿತ್ತು. ಆಗ ಉಗ್ರಪ್ಪ, ಕೆಟ್ಟ ಉದ್ದೇಶವೇನೂ ಇಲ್ಲದೆ, ಒಂದು ಮಾತು ಆಡಿದ್ದ.

"ಗಂಡಸೀಲಿ ನಮ್ ಭಾವಮೈದುನಂದು ಕೊಬ್ಬರಿ ಮಂಡಿ ಐತೆ ಸಾರ್. ಮೂರು ಅಂತಸ್ತು. ಇಲ್ಲಿ ಕೈಕೊಟ್ರೆ ಕಂಬ ಅಲ್ಲಿಗೆ ಹಾಕ್ಕಬೋದು."

ಷಡಕ್ಷರಪ್ಪನವರ ಮೀಸೆ ಎರಡೂ ಬದಿಯಲ್ಲಿ ಸಿಗ್ನಲ್ಲಿನಂತೆ ಎದ್ದು ನಿಂತಿತು. ಮೂರು ದಿಕ್ಕಿನ ರೈಲುಗಳು ಬಂದು ತಲೆಬಾಗುವ ಅರಸೀಕೆರೆಯನ್ನು ಬಿಟ್ಟು ಒಂದು ಹೋಬಳಿಗೆ, ಅದೂ ಕೊಬ್ಬರಿ ಮಂಡಿಗೆ ಪಟ್ಟ ಕಟ್ಟುವುದೆ? ಮೇಲೆ ಹೇಳಿದ ಪ್ರತಿಜ್ಞೆ ಹುಟ್ಟಿದ್ದು ಹೀಗೆ.

ರೈಲ್ವೆಯಲ್ಲಿ ತಪಾಸಣೆ ಎಂದರೆ ಬಣ್ಣ. ದೊಡ್ಡ ಸಾಹೇಬರು ಬರುತ್ತಾರೆಂದು ತಿಳಿದೊಡನೆ ಕಂಬ, ಕಟಾಂಜನ, ನೀರಿನ ಕೊಳಾಯಿ, ಬೆಂಚು ಎನ್ನದೆ ಅಲುಗಾಡದೆ ನಿಂತಿರುವ ಎಲ್ಲಕ್ಕೂ ಬಣ್ಣ ಬಳಿಯುವುದು ಅಲ್ಲಿನ ಸಂಪ್ರದಾಯ. ಹಾಗೆ ನಿಂತೇ ನಿದ್ದೆ ಹೋಗಿದ್ದ ಪಾಯಿಂಟ್ಸ್‌ಮನ್ ಒಬ್ಬನ ಬೂಟುಗಳೂ ಒಮ್ಮೆ ಬೆಳ್ಳಗಾಗಿದ್ದವು. ಆ ಪರಂಪರೆಯಲ್ಲಿ ಬೆಳೆದ ಷಡಕ್ಷರಪ್ಪನವರು ಫೆಬ್ರವರಿ 22ರ ಭಾನುವಾರ, ರಾಹುಕಾಲಕ್ಕೆ ಮುನ್ನವೇ ಮುಗಿಯುವಂತೆ, ಕಂಬವನ್ನು ಬುಡದ ತಿರುಪು ಸಡಿಲಿಸಿ ತಾರಸಿಯ ಮೇಲೆ ಮಲಗಿಸಿ, ಬುಡದಿಂದ ತುದಿಯವರೆಗೆ ಬೆಳ್ಳಿ ಬಣ್ಣ ಬಳಿದರು. ಮೊದಲ ಕೋಟು ಸಾಧಾರಣ, ಎರಡನೆಯದು ಉತ್ತಮ, ಮೂರನೆಯದು ರಾಜಯೋಗ್ಯ! ಮತ್ತೆ ನಿಲ್ಲಿಸಿದಾಗ ಸಂಜೆಯ ಬಿಸಿಲಿಗೆ ಅದು ಇಂದ್ರನ ಆಯುಧದಂತೆ ಝಗಝಗಿಸಿತು. ಬೀದಿಯವರು ನಿಂತು ನೋಡಿದರು.

ಕೇಳುವವರು ಮಾತ್ರ ಇಲ್ಲವಾದರು. ಅಂದಿನ ಸಂಜೆಯಿಂದಲೇ ಹಳೇಬೀಡಿನಿಂದ ಉತ್ತರ ನಿಂತುಹೋಯಿತು. ಪೆಟ್ಟಿಗೆ ಕೂಗುತ್ತದೆ, ಉತ್ತರ ಬಾರದೆ ಮತ್ತೆ ಕೂಗುತ್ತದೆ, ಕೊನೆಗೆ ಸಂಪರ್ಕ ವಿಫಲವೆಂದು ಪರದೆಯ ಮೇಲೆ ಬರೆದು ಕೈಚೆಲ್ಲುತ್ತದೆ. ತಿಮ್ಮೇಶ್ ಟೆಲಿಫೋನಿನಲ್ಲಿ ತನ್ನ ಕಡೆ ಎಲ್ಲವೂ ಸರಿಯಾಗಿದೆಯೆಂದ. ಬೇಲೂರು ತನಗೆ ಗಂಟೆ ಬಾರಿಸಿದಂತೆ ಕೇಳುತ್ತಿದೆಯೆಂದೂ ಸೇರಿಸಿದ. ತಪ್ಪು ಅರಸೀಕೆರೆಯಲ್ಲೇ ಇತ್ತು. ಆದರೆ ಅರಸೀಕೆರೆಯಲ್ಲಿ ತಪ್ಪು ಮಾಡಬಲ್ಲವರು ಯಾರಿದ್ದಾರೆ? ಮನೆಯಲ್ಲಿ ಇದ್ದವರು ಇಬ್ಬರೇ. ಅವರಲ್ಲಿ ಒಬ್ಬರು ಷಡಕ್ಷರಪ್ಪನವರು. ಉಳಿದ ಲೆಕ್ಕ ಸುಲಭವಾಗಿತ್ತು.

ಮಾರ್ಚ್ 1ರ ಬೆಳಗ್ಗೆ ಅವರು ಮಹಡಿಗೆ ಹತ್ತಿ, ಕಂಬದ ಪಕ್ಕದಲ್ಲೇ ಹಗ್ಗದ ಮೇಲೆ ತೊಟ್ಟಿಕ್ಕುತ್ತಿದ್ದ ಸೀರೆಗಳನ್ನು ಕಂಡರು. ಆರ್ದ್ರತೆಯು ತರಂಗಗಳನ್ನು ಹೀರಿಕೊಳ್ಳುತ್ತದೆಂದು ಸಿದ್ಧಾಂತ ಹುಟ್ಟಿತು. ಶಾಂತಾದೇವಿಯವರನ್ನು ಕರೆದು, ಇಂದಿನಿಂದ ಮಹಡಿಯ ಮೇಲೆ ಬಟ್ಟೆ ಒಣಹಾಕುವುದನ್ನು ನಿಷೇಧಿಸಲಾಗಿದೆ ಎಂದು ಓದಿ ಹೇಳಿದರು.

"ಹೋದ ತಿಂಗಳು ಸೀರೆ ಒದ್ದೆ ಇರ್ಲಿಲ್ವ?" ಎಂದು ಶಾಂತಾದೇವಿ ಕೇಳಿದರು. "ಆಗ ನಿಮ್ಮ ರೇಡಿಯೋ ಚೆನ್ನಾಗೇ ಇತ್ತಲ್ಲ."

"ತೇವ ನಿಧಾನವಾಗಿ ಸೇರುತ್ತದೆ. ಈಗ ಪೂರ್ಣವಾಗಿದೆ."

"ಸರಿ. ತಪ್ಪು ನನ್ನ ಸೀರೇದಾದ್ರೆ ಸಾಯೋವರ್ಗೂ ಮಹಡಿ ಹತ್ತಲ್ಲ. ನಿಮ್ದಾದ್ರೆ, ನನ್ನ ಹಗ್ಗ ನಿಮ್ಮ ಕಂಬಕ್ಕೇ ಕಟ್ತೀನಿ. ಕಟ್ಟಿದ ಮೇಲೆ ನಾನು ಹೇಳ್ದಂಗೆ ನೀವು ಕೇಳ್ಬೇಕು. ಇಲ್ದಿದ್ರೆ ಉಗ್ರಪ್ಪನಿಗೆ ನಾನೇ ಹೇಳಿ ಕಂಬ ಗಂಡಸಿಗೆ ಹೊರಡಿಸ್ತೀನಿ. ಒಪ್ಪಿಗೇನಾ?"

ಇನ್ಸ್‌ಪೆಕ್ಟರಾದವರು ಸವಾಲಿಗೆ ಹಿಂಜರಿಯುತ್ತಾರೆಯೇ! ಒಪ್ಪಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಮನೆಯೊಳಗೇ ಮುಗಿಯುತ್ತಿತ್ತು. ಆದರೆ ರೈಲು ತಡವಾದರೆ ಕಾರಣವನ್ನು ಹಲಗೆಯ ಮೇಲೆ ಬರೆದು ನೇತುಹಾಕುವುದು ಜಂಕ್ಷನ್ನಿನ ಶಿಸ್ತು. ಅವರು ಕೆಳಗಿಳಿದು, ಹಳೆಯ ಬೀಕನ್ನನ್ನು ಅಳಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ಶುದ್ಧ ಕನ್ನಡವನ್ನು ಬೆರಳಚ್ಚು ಮಾಡಿದರು: "ಅರಸೀಕೆರೆ ಕೇಂದ್ರದ ಅಡಚಣೆಗೆ ಗೃಹಿಣಿಯ ಒದ್ದೆ ಸೀರೆಗಳೇ ಕಾರಣ. ಕೇಂದ್ರಾಧಿಕಾರಿ ನಿರ್ದೋಷಿ." ಹತ್ತು ನಿಮಿಷಕ್ಕೊಮ್ಮೆ ಜೀರುಂಡೆ ಇದನ್ನು ಕೂಗತೊಡಗಿತು. ಏರಿಯಲ್ ಮೂಗಿಯಾಗಿದ್ದರಿಂದ ಆ ಕೂಗು ಮನೆಯ ಕಾಂಪೌಂಡನ್ನೂ ದಾಟಲಿಲ್ಲವೆಂಬುದು ಬೇರೆ ಮಾತು.

ಮಹಡಿ ಕಳೆದುಕೊಂಡ ಸೀರೆಗಳಿಗೆ ಜಾಗ ಬೇಕಲ್ಲ. ಮನೆಯಲ್ಲಿ ಫ್ಯಾನು ಚೆನ್ನಾಗಿ ತಿರುಗುತ್ತಿದ್ದದ್ದು ರೇಡಿಯೋ ಕೋಣೆಯಲ್ಲಿ ಮಾತ್ರ. ಶಾಂತಾದೇವಿ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿದರು. ಷಡಕ್ಷರಪ್ಪನವರು ಎರಡು ವಾರ ಕಾಲ ಒಂದು ಇಳಕಲ್ ಸೀರೆ, ಎರಡು ಕಾಟನ್ ಸೀರೆಗಳ ಚಪ್ಪರದಡಿಯಲ್ಲಿ ಮದುಮಗನಂತೆ ಕುಳಿತು, ನೆತ್ತಿಯ ಮೇಲೆ ಹನಿ ಬಿದ್ದಾಗಲೆಲ್ಲ ಟವೆಲಿನಿಂದ ಒರೆಸಿಕೊಂಡು, ಹಳೇಬೀಡನ್ನು ಕೂಗಿದರು. ಮಹಡಿಯ ಮೇಲೆ ಒಂದು ಕರವಸ್ತ್ರವೂ ಇರಲಿಲ್ಲ; ಹಳೇಬೀಡೂ ಇರಲಿಲ್ಲ.

"ಈಗೇನಂತೆ ನಿಮ್ಮ ಆರ್ದ್ರತೆ?" ಎಂದು ಊಟ ಬಡಿಸುವಾಗ ಶಾಂತಾದೇವಿ ಕೇಳಿದರು.

"ಕಂಬದೊಳಕ್ಕೆ ಇಳಿದುಬಿಟ್ಟಿದೆ. ಒಣಗಲು ಕಾಲಾವಕಾಶ ಬೇಕು," ಎಂದರು ಷಡಕ್ಷರಪ್ಪನವರು. ಸಾರು ಆ ದಿನ ತುಸು ಖಾರವಾಗಿತ್ತು.

ಮಾರ್ಚ್ 14ರ ಶನಿವಾರ, ಬೆಂಗಳೂರಿನವರು ಬರುವ ಹಿಂದಿನ ದಿನ, ತಿಮ್ಮೇಶ್ ಮತ್ತು ಉಗ್ರಪ್ಪ ಬಸ್ಸು ಹಿಡಿದು ಬಂದರು. ಉಗ್ರಪ್ಪ ಮುನ್ನೆಚ್ಚರಿಕೆಯಾಗಿ ಕಂಬ ಕಟ್ಟಿ ಒಯ್ಯಲು ತೆಂಗಿನ ನಾರಿನ ಹಗ್ಗವನ್ನೂ ತಂದಿದ್ದ. ಷಡಕ್ಷರಪ್ಪನವರು ಆ ಹಗ್ಗವನ್ನು ಕಂಡೂ ಕಾಣದಂತೆ, ತಂತಿ, ಪೆಟ್ಟಿಗೆ, ಬ್ಯಾಟರಿ ಎಲ್ಲವನ್ನೂ ತೋರಿಸಿ, ಎಲ್ಲವೂ ಸರಿಯಾಗಿದೆಯೆಂದು ಅವರ ಬಾಯಿಂದಲೇ ಹೇಳಿಸಿ, ಸೀರೆಯ ಸಿದ್ಧಾಂತವನ್ನು ಮಂಡಿಸಿದರು. ತಿಮ್ಮೇಶ್ ಕಂಬವನ್ನು ಮಲಗಿಸಿ, ತುದಿಯನ್ನು ಬಹಳ ಹೊತ್ತು ನೋಡಿದ.

"ಸಾರ್, ಈ ಬೆಳ್ಳಿ ಬಣ್ಣ ಯಾವಾಗ ಬಳಿದ್ರಿ?"

ದಿನಾಂಕ ಕೇಳಿದವರನ್ನು ಷಡಕ್ಷರಪ್ಪನವರು ಎಂದೂ ಬರಿಗೈಯಲ್ಲಿ ಕಳುಹಿಸಿದವರಲ್ಲ. "1998ನೆಯ ಇಸವಿ, ಫೆಬ್ರವರಿ 22, ಭಾನುವಾರ. ಮಾಘ ಬಹುಳ. ಮೂರು ಕೋಟು."

"ಹಳೇಬೀಡು ಕೇಳ್ಸದೆ ಹೋಗಿದ್ದು ಯಾವತ್ತಿಂದ?"

"1998ನೆಯ ಇಸವಿ, ಫೆಬ್ರವರಿ..." ಎಂದು ಆರಂಭಿಸಿದ ಷಡಕ್ಷರಪ್ಪನವರು ಅಲ್ಲಿಗೇ ನಿಂತರು. ಮಹಡಿಯ ಬಾಗಿಲ ಬಳಿ ಕಾಫಿಯ ಲೋಟಗಳೊಡನೆ ಶಾಂತಾದೇವಿ ನಿಂತಿದ್ದರು.

"ಹೇಳಿ, ಹೇಳಿ. ತಾರೀಖು ಮರೆಯೋರಲ್ಲ ನೀವು," ಎಂದರು.

ಏರಿಯಲ್ಲಿನ ನೆಟ್ಟಗಿನ ಕಡ್ಡಿಯನ್ನೂ ಕೆಳಗಿನ ಅಡ್ಡ ಕಡ್ಡಿಗಳನ್ನೂ ಒಂದಕ್ಕೊಂದು ಸೋಕದಂತೆ ಇಡಲು ನಡುವೆ ಒಂದು ಕರಿಯ ಬಳೆಯಿರುತ್ತದೆ. ಬೆಳ್ಳಿ ಬಣ್ಣದಲ್ಲಿರುವುದು ಲೋಹದ ಪುಡಿ. ಮೂರು ಕೋಟುಗಳಲ್ಲಿ ಷಡಕ್ಷರಪ್ಪನವರು ಆ ಬಳೆಗೂ ಬಣ್ಣ ತುಂಬಿ, ದೂರವಿರಬೇಕಾದವುಗಳಿಗೆ ಗಂಟುಹಾಕಿಬಿಟ್ಟಿದ್ದರು. ಕೆಳಗಿನ ಸೀರೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ಅಷ್ಟು ಎತ್ತರಕ್ಕೆ ಸೀರೆಯಲ್ಲ, ಕೆರೆಯೇ ಬಂದರೂ ತೊಂದರೆಯಿಲ್ಲ ಎಂದು ತಿಮ್ಮೇಶ್ ತೀರ್ಪು ಕೊಟ್ಟ. ಬಣ್ಣವನ್ನು ಕೆರೆದು, ಬಳೆಯನ್ನು ಬದಲಿಸಿದರು. ಕಂಬ ಎದ್ದು ನಿಂತದ್ದೇ ತಡ, ಹಳೇಬೀಡು ಬಂತು, ಬೇಲೂರು ಬಂತು, ಬಿಕ್ಕೋಡಿನ ಎಸ್ಟೇಟಿನ ಕಡೆಯಿಂದಲೂ ನಮಸ್ಕಾರ ಬಂತು. ಉಗ್ರಪ್ಪನ ತೆಂಗಿನ ನಾರಿನ ಹಗ್ಗವನ್ನು ಶಾಂತಾದೇವಿ ಕೇಳಿ ಪಡೆದು, ಒಂದು ತುದಿಯನ್ನು ಗೋಡೆಯ ಮೊಳೆಗೂ ಇನ್ನೊಂದನ್ನು ಬೆಳ್ಳಿಯ ಕಂಬಕ್ಕೂ ಬಿಗಿದರು. ಗೆಲುವಿನ ಉತ್ಸಾಹದಲ್ಲಿ ಷಡಕ್ಷರಪ್ಪನವರು ಅದನ್ನೂ ಸಹಿಸಿದರು. ಆ ಉತ್ಸಾಹದಲ್ಲಿಯೇ ಒಂದು ಸಂಗತಿಯನ್ನು ಮರೆತರು.

ಮರುದಿನ ಹತ್ತು ಗಂಟೆಗೆ ಕಾರು ಬಂತು. ಇಳಿದವರು ಬೆಂಗಳೂರಿನ ಹಿರಿಯ ಹವ್ಯಾಸಿ ಮರಿಯಣ್ಣನವರು ಮತ್ತು ಮಾಲಿನಿ ಎಂಬ ಎಂಜಿನಿಯರ್ ಹುಡುಗಿ. ಷಡಕ್ಷರಪ್ಪನವರು ಕೋಟಿನ ಗುಂಡಿ ಹಾಕಿಕೊಂಡು ಸ್ವಾಗತ ಭಾಷಣಕ್ಕೆ ಬಾಯಿ ತೆರೆಯುವಷ್ಟರಲ್ಲಿ ಆ ಹುಡುಗಿ ಅವರನ್ನು ದಾಟಿ, ಒಳಗಿನಿಂದ ಬರುತ್ತಿದ್ದ ಶಾಂತಾದೇವಿಯವರ ಕೈ ಹಿಡಿದುಕೊಂಡಳು.

"ಆಂಟಿ, ಒದ್ದೆ ಸೀರೆಯವರು ನೀವೇನಾ?"

ಕಾರಿನೊಳಗೂ ಅವರು ರೇಡಿಯೋ ಮತ್ತು ಕಂಪ್ಯೂಟರ್ ಇಟ್ಟುಕೊಂಡಿದ್ದರು. ತಿಪಟೂರು ದಾಟಿದಾಗಿನಿಂದ ಪರದೆಯ ಮೇಲೆ ಹತ್ತು ನಿಮಿಷಕ್ಕೊಮ್ಮೆ ಗೃಹಿಣಿಯ ಅಪರಾಧವೂ ಕೇಂದ್ರಾಧಿಕಾರಿಯ ನಿರ್ದೋಷಿತ್ವವೂ ತಪ್ಪದೆ ಮೂಡಿದ್ದವು. ಮರಿಯಣ್ಣನವರು ನಗು ತಡೆದುಕೊಂಡು, ಕೇಂದ್ರ ಅರಸೀಕೆರೆಯಲ್ಲೇ ಇರತಕ್ಕದ್ದು, ಇಷ್ಟು ಸ್ಪಷ್ಟವಾದ ಬೀಕನ್ನನ್ನು ತಾವೆಲ್ಲೂ ಓದಿಲ್ಲ, ಒಂದಕ್ಷರವೂ ಅಳಿಸಿರಲಿಲ್ಲ ಎಂದರು. ಬದುಕಿನಲ್ಲಿ ಮೊದಲ ಬಾರಿಗೆ ಷಡಕ್ಷರಪ್ಪನವರಿಗೆ ತಮ್ಮ ಏರಿಯಲ್ ಅಷ್ಟು ಚೆನ್ನಾಗಿ ಕೆಲಸ ಮಾಡಬಾರದಿತ್ತು ಎನ್ನಿಸಿತು.

ಅತಿಥಿಗಳು ಉಂಡು ಹೊರಟ ಮೇಲೆ ಶಾಂತಾದೇವಿ ರೇಡಿಯೋ ಕೋಣೆಗೆ ಬಂದು ಕುರ್ಚಿಯೆಳೆದು ಕುಳಿತರು.

"ನಾನು ಹೇಳ್ತೀನಿ, ನೀವು ಹೊಡೀರಿ. ಅದೇ ಬೀಕನ್ನಲ್ಲಿ."

"ಅದರಿಂದ ಪ್ರಯೋಜನವಿಲ್ಲ, ಶಾಂತಾ. ಬೀಕನ್ ಎಂದರೆ ತನ್ನ ಪಾಡಿಗೆ ತಾನು ಸಾರಿಕೊಳ್ಳುತ್ತ ಹೋಗುವಂಥದು. ಯಾರ ಉತ್ತರಕ್ಕೂ ಕಾಯುವುದಿಲ್ಲ."

"ಗೊತ್ತು ಬಿಡಿ. ಮದುವೆಯಾದಾಗಿನಿಂದ ಒಂದನ್ನ ನೋಡ್ತಾನೇ ಇದೀನಿ."

"1961, ಮೇ 14," ಎಂದರು ಷಡಕ್ಷರಪ್ಪನವರು ಅಭ್ಯಾಸಬಲದಿಂದ. "ಭಾನುವಾರ."

ಸಾಲು ಸಿದ್ಧವಾಯಿತು: "ಸೀರೆ ನಿರ್ದೋಷಿ. ಏರಿಯಲ್ಲಿಗೆ ಬಣ್ಣ ಬಳಿದವರು ಷಡಕ್ಷರಪ್ಪ." ಬೇಲೂರು, ಹಳೇಬೀಡು, ಬಿಕ್ಕೋಡುಗಳಿಗೆ ಯುಗಾದಿಯವರೆಗೂ ಇದೇ ಹೋಗಬೇಕೆಂದು ಆಜ್ಞೆಯಾಯಿತು. ಷಡಕ್ಷರಪ್ಪನವರು ಬಣ್ಣ ಬಳಿದ ದಿನಾಂಕವನ್ನಾದರೂ ಸೇರಿಸದೆ ಸಹಿ ಹಾಕುವುದಿಲ್ಲವೆಂದು ಹಟ ಹಿಡಿದರು. ಶಾಂತಾದೇವಿ ಔದಾರ್ಯದಿಂದ ಒಪ್ಪಿ, ಬಟ್ಟೆಯ ಬಕೀಟು ಹಿಡಿದು ಮಹಡಿ ಹತ್ತಿದರು.

ಆದರೆ ಜಂಕ್ಷನ್ನಿನ ರಕ್ತ ಅಷ್ಟು ಸುಲಭಕ್ಕೆ ತಣ್ಣಗಾಗುವುದೆ? ಒಬ್ಬರೇ ಆದೊಡನೆ ಅವರು ಬಾಗಿಲ ಕಡೆಗೊಮ್ಮೆ ನೋಡಿ, ಸದ್ದಾಗದಂತೆ ಕೀಲಿಗಳನ್ನೊತ್ತಿ, ಬೀಕನ್ನಿನ ಹತ್ತು ನಿಮಿಷವನ್ನು ಅರವತ್ತು ಮಾಡಿದರು. ಅನ್ಯಾಯಕ್ಕೆ ತಲೆಬಾಗಬಹುದು, ಹತ್ತು ನಿಮಿಷಕ್ಕೊಮ್ಮೆ ಬಾಗಬೇಕೆಂಬ ನಿಯಮ ಯಾವ ಕೈಪಿಡಿಯಲ್ಲಿದೆ? ಕುರ್ಚಿಗೆ ಒರಗಿ, ಮೀಸೆ ತಿರುವಿ, ಕಣ್ಣು ಮುಚ್ಚಿದರು.

ತೆರೆದ ಕಿಟಕಿಯ ಹೊರಗೆ, ಬೆಳ್ಳಿಯ ಕಂಬಕ್ಕೆ ಕಟ್ಟಿದ ಹಗ್ಗದಿಂದ ಇಳಕಲ್ ಸೀರೆಯ ಸೆರಗು ಇಳಿಬಿತ್ತು. ಅದರ ಹಿಂದೆಯೇ ಮೇಲಿನಿಂದ ಧ್ವನಿಯೊಂದು ಇಳಿದು ಬಂತು.

"ರೀ, ಹತ್ತು ನಿಮಿಷ ಆಗಿ ಬಾಳ ಹೊತ್ತಾಯ್ತು. ನಿಮ್ಮ ಜೀರುಂಡೆ ಕೂಗ್ಲೇ ಇಲ್ಲ. ಉಗ್ರಪ್ಪನಿಗೆ ಫೋನ್ ಮಾಡ್ಲಾ?"

ಜೀರುಂಡೆ ತಕ್ಷಣ ಕೂಗಿತು.