ಬಸ್ಸಿನಲ್ಲಿ ಬಂದ ನನ್ನ ಮೈಯ ಸಮಾಚಾರ

ನಾನು ಹುಟ್ಟಾ ಪುಕ್ಕಲ. ನಮ್ಮ ವಂಶದಲ್ಲೇ ಮೊದಲ ಬಿ.ಕಾಂ. ಎಂದು ಎದೆಯುಬ್ಬಿಸಿ ಹೇಳಿಕೊಳ್ಳುವಾಗಲೂ, ಯಾರಾದರೂ ಬಂದು ಅದನ್ನು ವಾಪಸ್ಸು ಕೇಳಿಬಿಟ್ಟರೆ ಎಂಬ ಅಳುಕು ಒಳಗೊಳಗೇ ಇರುತ್ತದೆ. ಆನೆಯ ಭಯ ಅಷ್ಟಿಲ್ಲ; ಕಾಡಂಚಿನ ಶಾಗ್ಯದವನು, ಅವುಗಳ ನಡೆ ಗೊತ್ತು. ನನ್ನ ಭಯವೆಲ್ಲ ಪರೀಕ್ಷೆಗಳದು. ಅದರಲ್ಲೂ ಓದದೆಯೇ ಕೊಡಬೇಕಾದ ಪರೀಕ್ಷೆಯೊಂದಿದೆ. ಅದರ ಉತ್ತರ ನಮ್ಮ ಮೈಯೊಳಗೇ ತಯಾರಾಗಿರುತ್ತದೆ, ಆದರೆ ಏನೆಂಬುದು ನಮಗೇ ತಿಳಿಯದು.

ಮೊಬೈಲು ನಮ್ಮ ಕಡೆಗಿನ್ನೂ ಬಂದಿರದ ಕಾಲ. ಮೈಸೂರಿನ ಆಚೆಯ ತಿಂಡಿ ಕಾರ್ಖಾನೆಯೊಂದರಲ್ಲಿ ನನಗೆ ಗುಮಾಸ್ತೆಯ ಕೆಲಸ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಇಂಟರ್‌ವ್ಯೂ ಚೆನ್ನಾಗಿ ಆದದ್ದಕ್ಕೆ ನಾನು ಓದಿದ್ದೇ ಕಾರಣ ಎಂದು ನನ್ನ ನಂಬಿಕೆ. ಮಂಟಪದ ತಾತನ ಹೊಗೆ ಕಾರಣ ಎಂದು ಅವ್ವನ ನಂಬಿಕೆ. ಊರಾಚೆಯ ಹಳೇ ಮಂಟಪದಲ್ಲಿದ್ದ ಈ ತಾತ, ಚಿಲುಮೆ ಎಳೆದು ಹೊಗೆಯನ್ನು ಎದುರಿಗಿದ್ದವರ ಮುಖಕ್ಕೆ ಊದಿದರೆ ಅದೇ ಆಶೀರ್ವಾದ. ಕೋರ್ಟಿಗೆ ಹೋಗುವವರು, ಹೆಣ್ಣು ನೋಡಲು ಹೊರಟವರು, ಹಾಲು ಕಟ್ಟಿಕೊಂಡ ಎಮ್ಮೆ, ಎಲ್ಲರೂ ಅಲ್ಲಿಗೆ ಬಂದು ಹೊಗೆ ಹಾಕಿಸಿಕೊಳ್ಳುತ್ತಿದ್ದರು. ಚಿಲುಮೆಯಲ್ಲಿ ಇರುವುದು ಗಾಂಜಾ ಎಂದು ಊರಿಗೆಲ್ಲ ಗೊತ್ತು. ಬಾಯಿ ಬಿಟ್ಟು ಆಡದೇ ಇರುವುದೇ ಭಕ್ತಿ. ಕೆಲಸ ಗೊತ್ತಾದ ಮೇಲೆ ಅವ್ವ ತೆಂಗಿನಕಾಯಿ ಹಿಡಿದು ನನ್ನನ್ನು ಮತ್ತೊಮ್ಮೆ ಎಳೆದೊಯ್ದಳು. "ಬಾಯ್ ತಗಿಲಾ, ಚೆಂದಾಗಿ ಒಳಿಕೆ ಎಳ್ಕೋ" ಎಂದ ತಾತ. ಎಳೆದುಕೊಂಡೆ.

ಮಾರನೆಯ ದಿನವೇ ಕೊಳ್ಳೇಗಾಲದ ಲ್ಯಾಬಿನಲ್ಲಿ, ಕೆಲಸಕ್ಕೆ ಸೇರುವ ಮುಂಚೆ ಕಾರ್ಖಾನೆಯವರು ಕೇಳಿದ್ದ ವೈದ್ಯಕೀಯ ತಪಾಸಣೆ. ಲ್ಯಾಬಿನವರು ಎರಡಕ್ಕೊಂದು ಡಬ್ಬಿ, ಒಂದಕ್ಕೊಂದು ಸಣ್ಣ ಬಾಟಲಿ ಕೈಗಿತ್ತು, ಬಾಟಲಿ ತೋರಿಸಿ, "ಇದು ಮೈಸೂರ್ಗೆ ಓಯ್ತದೆ ಕಣಪ್ಪ. ಗಾಂಜಾ ಗೀಂಜಾ ಏನಿದ್ರೂ ಅಲ್ಲಿ ಮಿಸೀನು ಇಡ್ದಾಕ್‌ಬುಡ್ತದೆ" ಎಂದರು. ಬಾಟಲಿ ಹಿಡಿದು ಕಕ್ಕಸಿಗೆ ಹೋಗಿ ನಿಂತೆ. ಬರಬೇಕಾದದ್ದು ಬಹಳ ಹೊತ್ತು ಬರಲಿಲ್ಲ.

ಎಲ್ಲ ಮುಗಿದ ಮೇಲೆ, "ರಿಸಲ್ಟು ಕೇಳಕ್ಕೆ ನಾನೇ ಬತ್ತೀನಿ ಸಾ" ಎಂದೆ.

"ಯಾಕ್ ಸುಮ್ಕೆ ಬಸ್ ಚಾರ್ಜು? ನಿಮ್ಮೂರ್ ಬಸ್ಸಿನ ಕಂಡಕ್ಟ್ರು ಸಿದ್ರಾಜು ನಮ್ಮೋನೇಯ. ಬಾಯಲ್ಲೇ ಏಳ್ ಕಳಿಸ್ತೀನಿ, ಬುಡು."

ನಮ್ಮ ಕಡೆ ಎಲ್ಲವೂ ಹೀಗೆಯೇ. ಔಷಧಿ, ಊಟದ ಕ್ಯಾರಿಯರ್ರು, ಸಾವಿನ ಸುದ್ದಿ, ಹೆರಿಗೆಯ ಸುದ್ದಿ ಎಲ್ಲ ಕಂಡಕ್ಟರ್ ಮೂಲಕವೇ. ಯಳಂದೂರಿನ ಸಿದ್ದರಾಜು ಒಳ್ಳೆಯವನು. ಗಂಟಲು ಮಾತ್ರ ದೊಡ್ಡದು. ಬೇಡ ಎಂದರೆ ಮುಚ್ಚಿಡುವಂಥದ್ದು ಏನೋ ಇದೆ ಎಂದು ಒಪ್ಪಿಕೊಂಡಂತೆ. ಬಿ.ಕಾಂ. ಓದಿದವನು ಸುಮ್ಮನೆ ತಲೆಯಾಡಿಸಿ ಬಂದೆ.

ಆಮೇಲಿನದು ನರಕ. ಗೆಳೆಯ ಮಾದೇಶನನ್ನು ಹೊಲದ ಬದುವಿಗೆ ಕರೆದೊಯ್ದು, "ಲೇ, ಕುಡ್ದ ಒಗೆ ಎಲ್ಲಿಗ್ಲಾ ಓಯ್ತದೆ?" ಎಂದು ಕೇಳಿದೆ.

"ಮೂಳೆಗೆ ಇಳಿತದಂತೆ ಕಣ್ಲಾ. ನಮ್ ಎಮ್ಮೆ ಕರಾನ ತಾತನ ಪಕ್ಕ ಕಟ್ಟಿದ್ಕೆ ಮಂಕಾಗೋಗಿತ್ತು."

ಅವ್ವನಿಗೂ ಹೇಳಿಕೊಂಡೆ. ಅವಳು ಮಜ್ಜಿಗೆಯ ಮೇಲೆ ಮಜ್ಜಿಗೆ ಕುಡಿಸಿದಳು. ಬಾಟಲಿ ಆಗಲೇ ಮೈಸೂರು ಸೇರಿದೆ, ಈಗ ಕುಡಿದು ಏನು ಪ್ರಯೋಜನ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಕೆಲಸ ಹೋದರೆ ಹೋಗಲಿ ಎನ್ನುವಂತಿರಲಿಲ್ಲ. ಅಪ್ಪ ಬೆನ್ನ ಮೇಲೆ ಮೂಟೆ ಹೊತ್ತು ನನ್ನ ಫೀಸು ಕಟ್ಟಿದವನು. ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ತಾತನ ಆಶೀರ್ವಾದ ಎಂದು ಯಾರೂ ಅನ್ನುವುದಿಲ್ಲ. ಕಾಲೇಜಿಗೆ ಹೋಗಿ ಗಾಂಜಾ ಕಲಿತ ಎನ್ನುತ್ತಾರೆ. ಆಮೇಲೆ ಊರಿನಲ್ಲಿ ಯಾರು ತಾನೇ ಮಕ್ಕಳನ್ನು ಓದಿಸಿಯಾರು? ದೂರದಲ್ಲಿ ಬಸ್ಸಿನ ಹಾರನ್ ಕೇಳಿದರೆ ಸಾಕು, ನಾನು ಹಿತ್ತಿಲಿಗೆ ಓಡುತ್ತಿದ್ದೆ.

ಕೊನೆಗೊಂದು ಸಂಜೆ, ಬಂಡಳ್ಳಿಯ ನಮ್ಮ ಸಂಬಂಧಿಕರೂ ಸೇರಿ ತುಂಬಿ ತುಳುಕುತ್ತಿದ್ದ ಬಸ್ಸು ಬಂದು ನಿಂತಿತು. ಸಿದ್ದರಾಜು ಫುಟ್‌ಬೋರ್ಡಿನ ಮೇಲೆ ನಿಂತೇ ಕೂಗಿದ: "ಎಲ್ರೀ ನಮ್ ಬೀಕಾಮು? ಲ್ಯಾಬ್ನೋರು ಏಳ್ ಕಳ್ಸವ್ರೆ! ಒಂದುಕ್ಕೋಗಿದ್ರಲ್ಲಿ ಗಾಂಜಾ ಇಲ್ವಂತೆ! ಎಲ್ಡುಕ್ಕೋಗಿದ್ರಲ್ಲಿ ಉಳ ಅವಂತೆ! ಮಾತ್ರೆ ತಕಂಡು ಕೆಲ್ಸುಕ್ಕೆ ಓಗ್ಬೌದಂತೆ!"

ಎದೆಯ ಮೇಲಿನ ಭಾರ ಇಳಿಯಿತು. ಮಾನ ಇಳಿದದ್ದು ಆಮೇಲೆ ಗೊತ್ತಾಯಿತು. ಕಿಟಕಿಯಲ್ಲಿದ್ದ ಹೆಂಗಸೊಬ್ಬಳು, "ಗಾಂಜಾ ಯಾಕವ್ವ ನೋಡುದ್ರು?" ಎಂದಳು. ಅವ್ವ ಹಿಗ್ಗಿನಿಂದ, "ಅಯ್ಯೋ, ತಾತ ಒಗೆ ಕೊಟ್ಟಿರ್ನಿಲ್ವಾ, ಅದ್ಕೆ ನನ್ ಮಗ ಎದ್ರುಕಂಡಿದ್ದ" ಎಂದು ಇಡೀ ಕಥೆ ಬಿಚ್ಚಿದಳು. ಜಗಲಿಯ ಮೇಲಿದ್ದ ಮುದುಕ ಯೋಚಿಸಿ ಕೇಳಿದ: "ಇವನ್ ಮೈಯಲ್ಲಿ ಗಾಂಜಾ ಇಲ್ಲ ಅಂದ್ಮೇಲೆ, ತಾತನ ಚಿಲುಮೇಲಿ ಇರಾದಾದ್ರೂ ಏನ್ಲಾ?"

ಬಸ್ಸಿನವರೂ ಊರವರೂ ಒಟ್ಟಿಗೆ ಮಂಟಪದ ಕಡೆ ತಿರುಗಿದರು.

ಊರವರೆಲ್ಲ ಹೋಗಿ ತಾತನ ಬಾಯಿ ಬಿಡಿಸಿ ಬಂದ ಮೇಲೆ ನಾನು ಕ್ಷಮೆ ಕೇಳಲು ಹೋದಾಗ ತಾತ ಚಿಲುಮೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. "ಎದೆ ಕೆಟ್ಟದೆ ಅಂತ ಡಾಕ್ಟ್ರು ಗಾಂಜಾ ಬುಡುಸಿ ಬೋ ದಿನ ಆಯ್ತು ಕಣ್ಲಾ. ತುಂಬೆ ಎಲೆ ಒಣುಗ್ಸಿ ಸೇದ್ತಿದ್ದೆ. ಒಬ್ರಿಗೂ ಏಳಿರ್ನಿಲ್ಲ. ನಿನ್ನ ಒಂದು ಬಾಟ್ಲಿಯಿಂದ ನನ್ ಕಾಯ್ಲೆ ಊರ್ಗೆಲ್ಲ ಗೊತ್ತಾಯ್ತಲ್ಲೋ" ಎಂದ. ತಂದಿದ್ದ ತೆಂಗಿನಕಾಯಿಯನ್ನು ಅವನ ಮುಂದಿಟ್ಟು ಬಂದೆ. ಆಮೇಲೆ ಎಮ್ಮೆಗಳೂ ಅಲ್ಲಿಗೆ ಹೋಗುವುದು ಕಡಿಮೆಯಾಯಿತು.

ಈಗ ಅದೇ ಕಾರ್ಖಾನೆಯಲ್ಲಿ ನೌಕರರ ವೈದ್ಯಕೀಯ ಕಾಗದಗಳ ಬೀರುವಿನ ಬೀಗದ ಕೈ ನನ್ನ ಬಳಿ ಇದೆ. ಮ್ಯಾನೇಜರ್ ಕೇಳಿದರೂ ಕಾರಣ ಕೇಳದೆ ತೆಗೆಯುವುದಿಲ್ಲ. ನನಗೆ ಜಂಬ ಎನ್ನುತ್ತಾರೆ. ಅನ್ನಲಿ. ಊರಿಗೆ ಹೋಗುವಾಗ ಮಾತ್ರ ಸಿದ್ದರಾಜು ಬಸ್ಸಿನ ಆ ತುದಿಯಿಂದ, ನನ್ನ ಹೆಂಡತಿಯ ಎದುರಿಗೇ, "ಸಾ, ಉಳ ಓದ್ವಾ?" ಎಂದು ಕೂಗುತ್ತಾನೆ. "ಓದ್ವು ಸಿದ್ರಾಜು" ಎನ್ನುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿಲ್ಲ. ಮಾತ್ರೆ ಇವತ್ತಿಗೂ ನುಂಗಿಲ್ಲ; ಕೊಳ್ಳೋಣವೆಂದರೆ ಕೊಳ್ಳೇಗಾಲದ ಔಷಧಿ ಅಂಗಡಿಯವನು ಸಿದ್ದರಾಜುವಿನ ಭಾವ. ಮೈಸೂರಿನಲ್ಲಿ ಕೊಳ್ಳಬಹುದು, ಆದರೆ ಅಲ್ಲಿಯವರು, ಯಾವುದಕ್ಕೂ ಇನ್ನೊಮ್ಮೆ ಪರೀಕ್ಷೆ ಮಾಡಿಸಿಬಿಡಿ ಎಂದರೆ?